ಡಬ್ಬಿಯೊಳಗಿನ ಚಳವಳಿ

ನಮ್ಮ ಅತ್ತಿಯ ಮುಖದ ಮೇಲೆ ಒಂದು ಕರಿ ಪಟ್ಟಿ ಬಿದ್ದಿದೆ. ಹಣೆಯಿಂದ ಗದ್ದದ ತನಕ, ಎಡಗಣ್ಣನ್ನು ನುಂಗಿಕೊಂಡು ನೆಟ್ಟಗೆ ಇಳಿದಿದೆ. ಅದನ್ನು ಬೀಳಿಸಿದವನು ಊರ ಗೌಡನಲ್ಲ, ವಖಾರಿಯ ಮಾಲಕನಲ್ಲ, ಪೊಲೀಸನೂ ಅಲ್ಲ. ನಾವೇ. ಕೇರಿಯಿಂದ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು, ಕವಿತೆ ಬರೆಯುವವರು, ಸಭೆಯಲ್ಲಿ ಮೈಕು ಹಿಡಿಯುವವರು ನಾವೇ ನಮ್ಮ ಅತ್ತಿಯ ಒಂದು ಕಣ್ಣು ತೆಗೆದೆವು. ಹೇಗೆ ತೆಗೆದೆವು ಎಂಬುದನ್ನು ಇಲ್ಲಿ ಹೇಳಿಕೊಳ್ಳಬೇಕಾಗಿದೆ. ಯಾಕೆಂದರೆ ಡಬ್ಬಿಯೊಳಗೆ ಮಾಡಿದ ಆ ತಪ್ಪನ್ನು ಡಬ್ಬಿಯ ಹೊರಗೂ ಮಾಡುತ್ತ ಬಂದಿದ್ದೇವೆ ಅಂತ ನಮಗೆ ಅನುಮಾನ.

ನಾವು ಅಂದರೆ ಮೂರು ಮಂದಿ. ಒಬ್ಬ ರಾಯಬಾಗದವ, ಒಬ್ಬ ಕಾಗವಾಡದವ, ಒಬ್ಬ ಅಥಣಿ ಕಡೆಯವ. ಚಿಕ್ಕೋಡಿಯಲ್ಲಿ ಒಂದೇ ಬಾಡಿಗೆ ಖೋಲಿ, ಮೇಲೆ ತಗಡು. ಒಬ್ಬನ ಅತ್ತಿ ಅಂದರೆ ಮೂವರಿಗೂ ಅತ್ತಿ, ಒಬ್ಬನ ಅಜ್ಜ ಅಂದರೆ ಮೂವರಿಗೂ ಅಜ್ಜ. ಹೀಗಾಗಿ ಈ ಬರಹದಲ್ಲಿ 'ನಾನು' ಎಂಬ ಮಾತು ಬರುವುದಿಲ್ಲ.

ಬಾಗಿಲು ಮುಚ್ಚುತ್ತಿದ್ದ ಒಂದು ಹಳೆಯ ಸ್ಟುಡಿಯೋದವರು ತೂಕಕ್ಕೆ ಹಾಕಲು ಇಟ್ಟಿದ್ದ ಸಾಮಾನಿನಲ್ಲಿ ನಮಗೆ ಒಂದು ಕ್ಯಾಮೆರಾ, ಫಿಲ್ಮು ತೊಳೆಯುವ ಒಂದು ಕರಿ ಡಬ್ಬಿ, ಒಂದು ಥರ್ಮಾಮೀಟರು ಸಿಕ್ಕವು. ರೋಲು ಮಾತ್ರ ಅಂಚೆಯಲ್ಲಿ ತರಿಸಬೇಕು. ಊಟಿಯಲ್ಲಿ 1960ರಲ್ಲಿ ಹುಟ್ಟಿದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 'ಇಂದು' ಹೆಸರಿನ ಫಿಲ್ಮು ಮಾಡುತ್ತಿತ್ತು, ಅದು ಮುಚ್ಚಿಹೋಗಿದೆ. ಈಗ ಹೊರದೇಶದ ರೋಲೇ ಗತಿ. ಒಂದು ರೋಲಿಗೆ ನಮ್ಮ ಕಡೆಯ ಹೆಣ್ಣಾಳಿನ ಒಂದು ದಿನದ ಕೂಲಿಗಿಂತ ಹೆಚ್ಚು ಬೀಳುತ್ತದೆ. ಎಲ್ಲರ ಕೈಯಲ್ಲೂ ಫೋನಿರುವಾಗ ಈ ಉಸಾಬರಿ ಯಾಕೆ ಅಂತ ನೀವು ಕೇಳುತ್ತೀರಿ. ನಮ್ಮ ಅವ್ವಂದಿರೂ ಕೇಳಿದರು.

ಉತ್ತರ ಇಷ್ಟೇ. 1925ರಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದಿದ್ದರು. ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ಅಲ್ಲಿ ಸೇರಿತ್ತು; ಅದಕ್ಕೆ ಅವರೇ ಅಧ್ಯಕ್ಷರು. ಅವತ್ತು ನೆಲದ ಮೇಲೆ ಕುಳಿತು ಆ ಮಾತು ಕೇಳಿದ ನಮ್ಮ ಮುತ್ತಜ್ಜ ಮುತ್ತಜ್ಜಿಯರ ಮುಖವನ್ನು ನಾವು ನೋಡಿಲ್ಲ. ನಮ್ಮ ಮನೆಯ ಗೋಡೆಗಳಲ್ಲಿ ಬಾಬಾಸಾಹೇಬರಿದ್ದಾರೆ, ಬುದ್ಧನಿದ್ದಾನೆ, ಬಸವಣ್ಣನಿದ್ದಾನೆ, ಶಾಹೂ ಮಹಾರಾಜರಿದ್ದಾರೆ. ನಮ್ಮವರು ಇಲ್ಲ. ಇನ್ನು ಫೋನಿನ ಫೋಟೋ. ಫೋನು ನೀರಿಗೆ ಬಿತ್ತು ಅಂದರೆ ಮುಗಿಯಿತು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಉಕ್ಕಿದಾಗ ನಮ್ಮ ಎಷ್ಟು ಜನರ ಫೋನುಗಳು ಹೋದವೋ, ಅವುಗಳ ಜೊತೆಗೆ ಎಷ್ಟು ಸತ್ತವರ ಮುಖಗಳು ಹೋದವೋ ಯಾರು ಲೆಕ್ಕ ಇಟ್ಟಿದ್ದಾರೆ? ನೆಗೆಟಿವು ಹಾಗಲ್ಲ. ಕೈಗೆ ಸಿಗುವ ವಸ್ತು ಅದು. ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದಕ್ಕೆ ಕರೆಂಟು ಬೇಡ, ಪಾಸ್‌ವರ್ಡು ಬೇಡ.

ಫಿಲ್ಮು ತೊಳೆಯುವುದು ಬ್ರಹ್ಮವಿದ್ಯೆಯಲ್ಲ. ರಾತ್ರಿ ಹೊತ್ತು ಕರಿ ಕಂಬಳಿಯೊಳಗೆ ಕೈ ತೂರಿಸಿ ರೋಲನ್ನು ಸುರುಳಿಗೆ ಸುತ್ತಿ, ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರೆ ಕತ್ತಲೆಯ ಕೆಲಸ ಮುಗಿಯಿತು. ಮುಂದಿನದೆಲ್ಲ ಬೆಳಕಿನಲ್ಲೇ. ಮೊದಲು ಡೆವಲಪರು ಹೊಯ್ಯಬೇಕು. ನಾವು ಬಳಸುವುದು ಡಿ-76. ಕೊಡಾಕಿನವರು 1927ರಲ್ಲಿ ಹೊರತಂದದ್ದು. ಅದರ ಗುಟ್ಟು ಎಲ್ಲ ಪುಸ್ತಕದಲ್ಲೂ ಇದೆ: ಒಂದು ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಆಮೇಲೆ ಅದನ್ನು ಚೆಲ್ಲಿ, ಕೆಲಸ ನಿಲ್ಲಿಸಲು ತುಸು ಹುಳಿ ನೀರು. ಆಮೇಲೆ ಹೈಪೋ; ಬೆಳಕು ಕಾಣದ ಬೆಳ್ಳಿಯ ಉಪ್ಪನ್ನು ಅದು ಕರಗಿಸಿ ಒಯ್ಯುತ್ತದೆ. ಕೊನೆಗೆ ನೀರು. ಹಗ್ಗಕ್ಕೆ ನೇತುಹಾಕಿ ಒಣಗಿಸು. ಒಣಗಿದ ಮೇಲೆ ಬೆಳಕಿಗೆ ಹಿಡಿದು ಫೋನಿನಲ್ಲೇ ತೆಗೆದು ಕಪ್ಪು ಬಿಳುಪು ತಿರುವಿದರೆ ಚಿತ್ರ. ಹೈಸ್ಕೂಲಿನ ವಿಜ್ಞಾನ ಮಾಸ್ತರರು ಮನಸ್ಸು ಮಾಡಿದರೆ ಹುಡುಗರ ಕೈಯಲ್ಲಿ ಮಾಡಿಸಬಹುದು. ಒಂದು ಎಚ್ಚರ: ಮೆಟಾಲು ಕೆಲವರ ಕೈಗೆ ತುರಿಕೆ ತರುತ್ತದೆ, ಕೈಚೀಲ ಹಾಕಿಕೊಳ್ಳಿ.

ಮೊದಲನೆಯ ರೋಲು ಏಪ್ರಿಲ್ 14ರದು. ಜಯಂತಿಯ ಮೆರವಣಿಗೆ. ಡಬ್ಬಿಯ ಜೊತೆಗಿದ್ದ ಇಂಗ್ಲಿಷ್ ಚೀಟಿಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: ಅಜಿಟೇಶನ್. ಓದಿ ಮೂವರೂ ನಕ್ಕೆವು. ಈ ಶಬ್ದ ನಮಗೇನು ಹೊಸದೇ? 1973ರ ಬೂಸಾ ಅಜಿಟೇಶನ್, 1982ರ ಗೋಕಾಕ ಅಜಿಟೇಶನ್ ಅಂತ ಹಿರಿಯರ ಬಾಯಲ್ಲಿ ಕೇಳುತ್ತಲೇ ಬೆಳೆದವರು. ಡಬ್ಬಿಯೊಳಗಿನ ದ್ರವವನ್ನು ಅಲುಗಾಡಿಸುವುದಕ್ಕೂ ಅದೇ ಹೆಸರಂತೆ. ನಮ್ಮ 'ಚಳವಳಿ'ಯ ಹೊಟ್ಟೆಯೊಳಗೂ ಅಲುಗಾಟವೇ ಇದೆಯಲ್ಲ! "ಚಳವಳಿ ಅಂದ ಮ್ಯಾಲ ನಿಂದ್ರಸಬಾರದಲೇ" ಅಂತ ರಾಯಬಾಗದವ ಡಬ್ಬಿ ಹಿಡಿದ. ಸೋಡಾ ಬಾಟ್ಲಿ ಕುಲುಕಿದಂತೆ ಕುಲುಕಿದ. ಅವನ ಕೈ ಸೋತರೆ ಕಾಗವಾಡದವ ಹಿಡಿದ. ಎಂಟು ನಿಮಿಷ ಒಂದು ಕ್ಷಣ ಬಿಡಲಿಲ್ಲ.

ಒಣಗಿದ ಮೇಲೆ ನೋಡಿದರೆ ನೆಗೆಟಿವಿನ ಅಂಚಿನ ತೂತುಗಳ ಎದುರಿಗೆ ಸಾಲಾಗಿ ಬರೆ ಎಳೆದಂತೆ ಗುರುತು. ನೊರೆಯೆದ್ದ ಕಡೆ ಚುಕ್ಕೆ. ಅದು ಹೋಗಲಿ. ಮೆರವಣಿಗೆಯ ಮುಂದೆ ಬಿಳಿ ಅಂಗಿ ತೊಟ್ಟು ನಡೆಯುತ್ತಿದ್ದ ಮುಖಂಡರು ಇನ್ನೂ ಬೆಳ್ಳಗಾಗಿ ಬರೀ ಬಿಳಿ ಮಚ್ಚೆಯಾಗಿದ್ದರು. ಹಿಂದೆ ಗೋಡೆಯ ನೆರಳಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತ ಹೆಣ್ಣುಮಕ್ಕಳು, ನಾವು ಯಾರಿಗಾಗಿ ಫೋಟೋ ತೆಗೆದಿದ್ದೆವೋ ಅವರು, ಕತ್ತಲೆಯಲ್ಲಿ ಕತ್ತಲೆಯಾಗಿದ್ದರು.

ಎರಡನೆಯ ರೋಲು ಅತ್ತಿಯದು.

ಅತ್ತಿ ಅಥಣಿ ಕಡೆಯಿಂದ ನಿಪ್ಪಾಣಿಗೆ ಮದುವೆಯಾಗಿ ಹೋದವಳು. ಆಗ ಅವಳಿಗೆ ಹದಿನಾಲ್ಕು. ಮದುವೆಯ ಅರಿಸಿನ ಆರುವ ಮೊದಲೇ ತಂಬಾಕಿನ ವಖಾರಿಗೆ ನಡೆದಳು. ನಿಪ್ಪಾಣಿಯ ವಖಾರಿ ಅಂದರೆ ಗೊತ್ತಿದ್ದವರಿಗೆ ಗೊತ್ತು. ತಂಬಾಕು ಕುಟ್ಟುವುದು, ಜರಡಿ ಹಿಡಿಯುವುದು, ತೂರುವುದು. ಹಳದಿ ಧೂಳು ಮೂಗಿನಲ್ಲಿ, ಎದೆಯಲ್ಲಿ, ಮಗು ಕುಡಿಯುವ ಹಾಲಿನ ಸೆರಗಿನಲ್ಲಿ. ಮನೆಗೆ ಬಂದು ರೊಟ್ಟಿ ಬಡಿದರೆ ರೊಟ್ಟಿ ಕಹಿ. 1981ರ ಏಪ್ರಿಲ್ 6ರಂದು ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರ ಮೇಲೆ ಗೋಳಿಬಾರು ಆದದ್ದು, ಹೆದ್ದಾರಿಯಲ್ಲಿ ಬೆಲೆ ಕೇಳುತ್ತ ಕುಳಿತ ರೈತರು ಸತ್ತದ್ದು, ಶರದ್ ಜೋಶಿಯವರ ಹೆಸರು, ಇವೆಲ್ಲ ನಾಡಿಗೆ ಗೊತ್ತು. ಅದೇ ಹೊತ್ತಿನಲ್ಲಿ ಅದೇ ಊರಲ್ಲಿ ಅದೇ ತಂಬಾಕನ್ನು ಕುಟ್ಟುತ್ತಿದ್ದ ಹೆಂಗಸರು ಸಂಘ ಕಟ್ಟಿ ಕೆಲಸ ನಿಲ್ಲಿಸಿದ್ದು ಎಷ್ಟು ಜನಕ್ಕೆ ಗೊತ್ತು? ಗೊತ್ತಾಗಲು ಒಂದು ಚಿತ್ರ ಉಳಿದಿದೆ. ದೀಪಾ ಧನರಾಜ್ ಮತ್ತು ಗೆಳತಿಯರ 'ಯುಗಾಂತರ' ತಂಡ 1982ರಲ್ಲಿ ಮಾಡಿದ್ದು: 'ತಂಬಾಕು ಚಾಕಿಲಾ ಊಬ ಆಲಿ'. ಹದಿನಾರು ಮಿಲಿಮೀಟರಿನ ಕಪ್ಪು ಬಿಳುಪು ಫಿಲ್ಮು. ಕ್ಯಾಮೆರಾ ಹಿಡಿದವರು ನವರೋಜ್ ಕಾಂಟ್ರಾಕ್ಟರ್. ಅವರು ಬಂದು ದೂರದಿಂದ ತೆಗೆದು ಓಡಿಹೋಗಲಿಲ್ಲ. ತಿಂಗಳುಗಟ್ಟಲೆ ಆ ಹೆಂಗಸರ ಜೊತೆಗಿದ್ದು, ಅವರು ಹೇಳಿದ್ದನ್ನು ಕೇಳಿ, ನಡೆದ ಹೋರಾಟವನ್ನು ಅವರೇ ಮತ್ತೆ ಮಾಡಿ ತೋರಿಸಿದ್ದನ್ನು ಚಿತ್ರ ಮಾಡಿದರು. ಅದನ್ನು ಈಗ ಡಿಜಿಟಲ್ ಮಾಡಿ ಉಳಿಸಿದ್ದಾರೆ.

ನಾವು ಅತ್ತಿಗೆ ಅದನ್ನು ಫೋನಿನಲ್ಲಿ ತೋರಿಸಿದೆವು. ಅತ್ತಿ ಮಾತಾಡಲಿಲ್ಲ. ಅದರಲ್ಲಿ ಅವಳಿರಲಿಲ್ಲ. ಆದರೆ ಧೂಳು ಅದೇ, ಜರಡಿ ಅದೇ. "ನಂದೂ ಒಂದ್ ಹಿಂಗಾ ತಗೀರೋ" ಅಂದಳು. ಅವಳ ಹತ್ತಿರ ಇದ್ದದ್ದು ಆಧಾರ ಕಾರ್ಡಿನ ಫೋಟೋ ಒಂದೇ. ಮೇ ತಿಂಗಳಲ್ಲಿ ನಿಪ್ಪಾಣಿಯ ಅವಳ ಮನೆಯೊಳಗೆ ಕೂಡಿಸಿ ತೆಗೆದೆವು. ತಲೆಯ ಮೇಲೆ ಗೋಡೆಯಲ್ಲಿ ಒಂದು ಸಣ್ಣ ಕಿಂಡಿ, ಅದರ ತುಂಬ ಉರಿಬಿಸಿಲು. ಅವಳ ಮಡಿಲಲ್ಲಿ ಹಳೆಯ ಜರಡಿ.

ಮೊದಲ ರೋಲು ಕೆಡಿಸಿದ ಅಂಜಿಕೆ ನಮಗೆ. ಅಲುಗಾಡಿಸಿ ಕೆಟ್ಟಿತು, ಈ ಸಲ ಅಲುಗಾಡಿಸುವುದೇ ಬೇಡ ಅಂದೆವು. ಡೆವಲಪರನ್ನು ತೆಳ್ಳಗೆ ಮಾಡಿ ಹೊಯ್ದು ತಾಸುಗಟ್ಟಲೆ ಮುಟ್ಟದೆ ಬಿಡುವ ಪದ್ಧತಿಯೂ ಇದೆ ಅಂತ ಕೇಳಿದ್ದೆವು. ಹಾಗೇ ಬಿಟ್ಟೆವು. ಚಹಾ ಕುಡಿದೆವು. ಚಳವಳಿಯ ಭವಿಷ್ಯದ ಬಗ್ಗೆ ವಾದ ಮಾಡಿದೆವು. ತಾಸಾದ ಮೇಲೆ ತೆಗೆದರೆ ಕಿಂಡಿಯಿಂದ ಒಂದು ಪಟ್ಟಿ ಇಳಿದು ಅತ್ತಿಯ ಕಣ್ಣನ್ನು ತಿಂದಿತ್ತು. ಇದ್ದ ನಾಲ್ಕು ಚಿತ್ರದಲ್ಲೂ ಅದೇ. ಮತ್ತೆ ತೆಗೆದರಾಯ್ತು ಅಂದುಕೊಂಡೆವು. ಶ್ರಾವಣ ಬರುವ ಮೊದಲೇ ಅತ್ತಿ ಹೋದಳು. ಎದೆಯಲ್ಲಿ ಉಸಿರು ಹಿಡಿಯಲಿಲ್ಲ.

ದಿನ ಮಾಡಿ ಮುಗಿಸಿದ ಮೇಲೆ ಅಥಣಿ ಕಡೆಯ ಅಜ್ಜ, ಮಗಳನ್ನು ಕಳೆದುಕೊಂಡ ಎಂಬತ್ತು ದಾಟಿದ ಮುದುಕ, "ಆಕೀ ಫೋಟೋ ತಗದಿದ್ರೆಂತ, ತೋರಸ್ರಿ" ಅಂದ. ನೆಗೆಟಿವು ಕೊಟ್ಟೆವು. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇದರ ಮ್ಯಾಲ ಏನ್ ಬಳದಾರೋ ತಮ್ಮಾ?"

"ಅಂಟು ಅಜ್ಜಾ. ಜೆಲಟಿನ್ ಅಂತಾರ. ಅದರಾಗ ಬೆಳ್ಳಿ ಉಪ್ಪು ಇರತೈತಿ."

"ಯಾತರ ಅಂಟು?"

"ದನದ ಎಲುಬು, ತೊಗಲು ಕುದಿಸಿ ತಗೀತಾರ."

ಅಜ್ಜ ನೆಗೆಟಿವನ್ನು ಮೂಗಿನ ಹತ್ತಿರ ಹಿಡಿದ. "ಹಂಗಾರ ಇದು ನಮ್ಮ ಕಸಬಿಂದ ಆತಲ್ಲೋ! ಮದಲ ನನ್ನ ಕೇಳಬೇಕಿತ್ತಿಲ್ಲೇನ? ನೀವು ಚೀಲಾ ತಿರುವಿಲ್ಲ."

ನಮ್ಮದು ಡೋರರ ಮನೆತನ. ಡೋಹರ ಕಕ್ಕಯ್ಯನ ಕುಲ ಅಂತ ಹೇಳಿಕೊಳ್ಳುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ತೊಗಲು ಹದ ಮಾಡುವವನು ಅನುಭವ ಮಂಟಪದಲ್ಲಿ ಕುಳಿತ. ಇಪ್ಪತ್ತನೆಯ ಶತಮಾನದಲ್ಲಿ ಅವನ ಮೊಮ್ಮಕ್ಕಳು ಬಾವಿಯಿಂದ ದೂರ ನಿಂತರು. ಜಗತ್ತೆಲ್ಲ ಕೊಲ್ಹಾಪುರಿ ಅಂತ ಮೆಟ್ಟುವ ಚಪ್ಪಲಿ ಅಥಣಿಯಲ್ಲಿ, ನಿಪ್ಪಾಣಿಯಲ್ಲಿ, ಚಿಕ್ಕೋಡಿ ರಾಯಬಾಗ ತಾಲ್ಲೂಕುಗಳಲ್ಲಿ ಸಮಗಾರ ಬಂಧುಗಳ ಕೈಯಲ್ಲಿ ಹುಟ್ಟುತ್ತದೆ. ಆ ಚಪ್ಪಲಿಯ ತೊಗಲನ್ನು ಹದ ಮಾಡುವುದು ಅಜ್ಜನ ಕೆಲಸವಾಗಿತ್ತು. ಕೆಮಿಕಲ್ಲಿನ ತೊಗಲು ಬಂದ ಮೇಲೆ ಬಿಟ್ಟ.

ಅಜ್ಜ ಅವತ್ತು ಹೇಳಿದ್ದು ಹೀಗೆ. ಹಸಿ ತೊಗಲನ್ನು ಸುಣ್ಣದಲ್ಲಿ ಹಾಕಿ ಕೂದಲು ತೆಗೆಯಬೇಕು. ಮಾಂಸ ಹೆರೆಯಬೇಕು. ಜಾಲಿ ತೊಗಟೆಯ ನೀರಿನಲ್ಲಿ ನೆನೆಸಬೇಕು. ಆಮೇಲೆ ಆ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿ (ನಮ್ಮ ಕಡೆ ಹಿರಡಾ) ಕುಟ್ಟಿ ತುಂಬಿ, ಒಗರು ನೀರು ಹೊಯ್ದು, ತೊಲೆಗೆ ನೇತು ಹಾಕಬೇಕು. ನೀರು ತೊಗಲಿನ ಒಳಗಿಂದ ಹಾಯ್ದು ಹನಿಹನಿಯಾಗಿ ಸೋರುತ್ತದೆ. ಸೋರಿದ್ದನ್ನು ಕೆಳಗೆ ಪಾತ್ರೆಯಲ್ಲಿ ಹಿಡಿದು ಮತ್ತೆ ಮೇಲೆ ಹೊಯ್ಯಬೇಕು. ಕೆಲವು ದಿನ ಆದ ಮೇಲೆ ಕುತ್ತಿಗೆಯ ಕಡೆ ಹೊಲಿದು, ಬುಡದ ಹೊಲಿಗೆ ಬಿಚ್ಚಿ, ಚೀಲವನ್ನು ತಲೆಕೆಳಗು ಮಾಡಿ ಮತ್ತೆ ತೂಗುಹಾಕಬೇಕು.

"ತುಂಬಿ ಕಟ್ಟಿ ಮಲಕೊಂಡ್ರ ಬುಡಾ ಅಷ್ಟ ಹದಾ ಆಕ್ಕೈತಿ, ಮ್ಯಾಲಿಂದು ಹಸೀ ಉಳೀತೈತಿ. ಒಗರೆಲ್ಲಾ ಕೆಳಗ ಕುಂದರತೈತಿ. ಹಂಗಂತ ಹಗಲೂ ರಾತ್ರಿ ಬಡದು ಕುಲುಕಿದ್ರ ಹೊಲಿಗಿ ಹರೀತಾವ. ತಿರುವಬೇಕು, ಬಿಡಬೇಕು. ಬಿಡಬೇಕು, ತಿರುವಬೇಕು. ಬಿಟ್ಟಾಗ ತೊಗಲು ಉಣ್ಣತೈತಿ."

ನಾವು ಪದವಿ ಪಡೆದವರು ಬಾಯಿ ತೆರೆದು ಕುಳಿತೆವು. ಖೋಲಿಗೆ ಬಂದು ಪುಸ್ತಕ ಬಿಚ್ಚಿ ನೋಡಿದರೆ ಅಜ್ಜ ಹೇಳಿದ್ದೇ ಅಲ್ಲಿತ್ತು. ಫಿಲ್ಮಿನಲ್ಲಿ ಬೆಳಕು ಹೆಚ್ಚು ಬಿದ್ದ ಜಾಗ ಡೆವಲಪರನ್ನು ಗಬಗಬ ತಿನ್ನುತ್ತದೆ. ತಿಂದು ಬ್ರೋಮೈಡ್ ಎಂಬ ಲವಣವನ್ನು ಹೊರಗೆ ಬಿಡುತ್ತದೆ. ಆ ಎಂಜಲು ನೀರು ಭಾರ, ಕೆಳಗೆ ಜಾರುತ್ತದೆ. ಜಾರಿದ ದಾರಿಯಲ್ಲಿ ಇರುವವರ ಮೇಲೆ ಡೆವಲಪರು ಕೆಲಸ ಮಾಡದಂತೆ ತಡೆಯುತ್ತದೆ. ಡಬ್ಬಿ ಅಲುಗದಿದ್ದರೆ ಇದೇ ಆಗುವುದು. ಕಿಂಡಿಯ ಬಿಸಿಲು ಉಂಡು ಬಿಟ್ಟ ಎಂಜಲು ಕೆಳಗೆ ಕುಳಿತ ಅತ್ತಿಯ ಮುಖದ ಮೇಲೆ ಹರಿದಿತ್ತು.

ಬಿಡದೆ ಕುಲುಕಿದರೆ? ಆಗ ಹೊಸ ಡೆವಲಪರು ಪ್ರತಿ ಕ್ಷಣವೂ ಎಲ್ಲ ಕಡೆಗೂ ಸಿಗುತ್ತದೆ. ಆದರೆ ತಿನ್ನುವ ಶಕ್ತಿ ಇರುವುದು ಆಗಲೇ ಬೆಳಕು ಉಂಡವರಿಗೆ. ಅವರು ತಿಂದೇ ತಿನ್ನುತ್ತಾರೆ, ಉಬ್ಬುತ್ತಾರೆ. ನೆರಳಿನಲ್ಲಿದ್ದವರದು ನಿಧಾನದ ಊಟ, ಅದು ಅವರಿಗೆ ತಕ್ಕಷ್ಟೇ. ನಡುವೆ ತುಸು ನಿಲ್ಲಿಸಿದರೆ ಬೆಳಕಿನ ಜಾಗದ ಹತ್ತಿರದ ಡೆವಲಪರು ಸೋತು ಅಲ್ಲಿನ ಕೆಲಸ ಮೆಲ್ಲಗಾಗುತ್ತದೆ, ನೆರಳಿನ ಜಾಗದಲ್ಲಿ ನಡೆದೇ ಇರುತ್ತದೆ. ಆ ನಿಲುಗಡೆಯಲ್ಲಿ ಹಿಂದಿದ್ದವರು ಮುಂದಿನವರ ಹತ್ತಿರ ಬರುತ್ತಾರೆ. ಮತ್ತೆ ತಿರುವಿದಾಗ ಎಂಜಲು ತೊಳೆದುಹೋಗಿ ಎಲ್ಲರಿಗೂ ಹೊಸ ನೀರು. ಇಷ್ಟೇ ವಿದ್ಯೆ.

ಲೆಕ್ಕದಲ್ಲಿ ಹೇಳಬೇಕೆಂದರೆ ಇಲ್ಫರ್ಡಿನವರು ಹೇಳುವ ಪದ್ಧತಿ ಸುಲಭ. ಡೆವಲಪರು ಹೊಯ್ದ ಕೂಡಲೇ ಮೊದಲ 10 ಸೆಕೆಂಡಿನಲ್ಲಿ ಡಬ್ಬಿಯನ್ನು 4 ಸಲ ತಲೆಕೆಳಗು ಮಾಡಿ ಎತ್ತಬೇಕು. ಆಮೇಲೆ ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ ಮತ್ತೆ 4 ಸಲ. ಪ್ರತಿ ಸಲವೂ ಡಬ್ಬಿಯ ಬುಡವನ್ನು ಕಟ್ಟೆಗೆ ಮೆಲ್ಲಗೆ ತಟ್ಟಬೇಕು, ಗಾಳಿಗುಳ್ಳೆ ಬಿಡುತ್ತವೆ. ಉಳಿದ ಹೊತ್ತು ಸುಮ್ಮನಿಡಬೇಕು. ಪುಸ್ತಕದ ಲೆಕ್ಕ 20 ಡಿಗ್ರಿ ಸೆಲ್ಸಿಯಸ್ಸಿಗೆ. ನಮ್ಮ ಕಡೆ ಬೇಸಿಗೆಯಲ್ಲಿ ನಳದ ನೀರೇ 30 ಮುಟ್ಟುತ್ತದೆ. ಬಿಸಿಯಾದರೆ ಡೆವಲಪರು ಓಡುತ್ತದೆ, ಹೊತ್ತು ಕಮ್ಮಿ ಮಾಡಬೇಕು. ಐದು ನಿಮಿಷಕ್ಕಿಂತ ಕಮ್ಮಿ ಮಾಡಿದರೆ ತಿರುವುವುದರೊಳಗೆ ಕೆಲಸ ಮುಗಿದು ಮಚ್ಚೆ ಬೀಳುತ್ತದೆ. ಆದ್ದರಿಂದ ಮಣ್ಣಿನ ಗಡಿಗೆಯ ನೀರು ಬಳಸಿ, ಡಬ್ಬಿಯನ್ನು ತಣ್ಣೀರಿನ ಬೋಗುಣಿಯಲ್ಲಿ ನಿಲ್ಲಿಸಿ. 20 ಡಿಗ್ರಿಯಲ್ಲಿ 8 ನಿಮಿಷದ ಕೆಲಸ 24 ಡಿಗ್ರಿಯಲ್ಲಿ ಸುಮಾರು 6 ನಿಮಿಷ. ಅಥಣಿಯಂಥ ನೀರಿಲ್ಲದ ಕಡೆ ಕೊನೆಯ ತೊಳೆತಕ್ಕೆ ನಳ ಬಿಟ್ಟು ಕೂಡಬೇಕಾಗಿಲ್ಲ. ಡಬ್ಬಿ ತುಂಬಿ 5 ಸಲ ತಿರುವಿ ಚೆಲ್ಲಿ. ಮತ್ತೆ ತುಂಬಿ 10 ಸಲ. ಮತ್ತೆ ತುಂಬಿ 20 ಸಲ. ಮೂರು ಡಬ್ಬಿ ನೀರಿನಲ್ಲಿ ಹೈಪೋ ಹೋಗುತ್ತದೆ. ಇಲ್ಲಿಯೂ ಅಲುಗಾಟವೇ ನೀರು ಉಳಿಸುವುದು.

ಫಿಲ್ಮಿನ ಅಂಟಿನ ಇನ್ನೊಂದು ಕತೆ ಅಜ್ಜನಿಗೆ ಓದಿ ಹೇಳಿದೆವು. ಬಾಬಾಸಾಹೇಬರು ನಿಪ್ಪಾಣಿಗೆ ಬಂದ ಅದೇ 1925ರಲ್ಲಿ ಕೊಡಾಕಿನ ಸ್ಯಾಮ್ಯುಯೆಲ್ ಶೆಪ್ಪರ್ಡ್ ಎಂಬ ವಿಜ್ಞಾನಿ ಒಂದು ಸಂಗತಿ ಪ್ರಕಟಿಸಿದ. ಕೆಲವು ಜೆಲಟಿನ್ನಿನಲ್ಲಿ ಫಿಲ್ಮು ಚುರುಕಾಗಿ ಬೆಳಕು ಹಿಡಿಯುತ್ತಿತ್ತು, ಕೆಲವದರಲ್ಲಿ ಮಂದ. ಕಾರಣ ಹುಡುಕಿದರೆ ಅಂಟಿನಲ್ಲಿದ್ದ ಗಂಧಕದ ಕಣಗಳು. ಅವು ಬಂದದ್ದು ದನ ಮೇಯ್ದ ಸಾಸಿವೆಯ ಜಾತಿಯ ಗಿಡದಿಂದ. ಅಜ್ಜ ನಕ್ಕ: "ದನಾ ಏನ ತಿಂದೈತಿ ಅಂತ ತೊಗಲು ಮುಟ್ಟಿದಾಂವಗ ಗೊತ್ತ ಆಕ್ಕೈತಿ. ಅದಕ್ಕ ಸಾಯೇಬ ಬೇಕೇನ?" ಹಳೆಯ ಹೈಪೋಗಳಲ್ಲಿ ಫಿಲ್ಮಿನ ಅಂಟು ಗಟ್ಟಿಯಾಗಲು ಪಟಿಕ ಬೆರೆಸುತ್ತಿದ್ದರು. ಅದೂ ತೊಗಲು ಹದ ಮಾಡುವ ಪಟಿಕವೇ.

ಈಗ ಯೋಚಿಸಿ. ಚರ್ಮ ಮುಟ್ಟಿದವನನ್ನು ಮುಟ್ಟದವರು, ಅವನ ನೆರಳಿಗೆ ಮೈಲಿಗೆ ಅಂದವರು, ತಮ್ಮ ಅಪ್ಪನ ಕಪ್ಪು ಬಿಳುಪು ಫೋಟೋವನ್ನು ದೇವರ ಮನೆಯಲ್ಲಿ ತೂಗುಹಾಕಿ ಕುಂಕುಮ ಹಚ್ಚಿದರು. ಆ ಅಪ್ಪ ನಗುತ್ತಿದ್ದುದು ದನದ ಎಲುಬಿನ ಅಂಟಿನ ಮೇಲೆ! ಫಿಲ್ಮಿನಲ್ಲಿ ಅಂಟು, ಕಾಗದದಲ್ಲಿ ಅಂಟು. ಮೈಲಿಗೆ ಎಲ್ಲಿ ಹೋಯಿತು? ಡಬ್ಬಿಯೊಳಗೆ ಹೋದ ಮೇಲೆ ಅದು ವಿಜ್ಞಾನವಾಯಿತು. ಅಜ್ಜನ ಕೈಯಲ್ಲಿ ಇದ್ದಾಗ ಅದು ನಾತ.

ಹಾಗಂತ ನಾವು ಹದದ ಗುಂಡಿಯನ್ನು ಹೊಗಳಲು ಬರೆಯುತ್ತಿಲ್ಲ. ಸತ್ತ ದನ ಎಳೆಯುವುದನ್ನು ಬಿಡಿ ಎಂದು ಬಾಬಾಸಾಹೇಬರು ಹೇಳಿದ್ದು ಸರಿ. ಅಜ್ಜನ ಕಾಲ ಬೆರಳ ಸಂದಿಯನ್ನು ಸುಣ್ಣ ತಿಂದಿದೆ. ಆ ಕೆಲಸ ಮರಳಿ ಬರುವುದು ಬೇಡ. ಆದರೆ ಆ ಕೆಲಸದೊಳಗಿದ್ದ ಅರಿವು ನಮ್ಮದು. ಕೆಲಸವನ್ನು ಬಿಡುವಾಗ ಅರಿವನ್ನೂ ಗುಂಡಿಯಲ್ಲೇ ಬಿಟ್ಟು ಬಂದೆವು. ಆಮೇಲೆ ಅದನ್ನೇ ಇಂಗ್ಲಿಷ್ ಚೀಟಿಯಲ್ಲಿ ಓದಿ, ತಪ್ಪಾಗಿ ಓದಿ, ಅತ್ತಿಯ ಕಣ್ಣು ಕಳೆದೆವು.

ಗೆಳೆಯರೇ, ಡಬ್ಬಿಯ ಹೊರಗಿನ ಮಾತಿಗೆ ಬರೋಣ. ನಮ್ಮ ತಾಲ್ಲೂಕುಗಳಲ್ಲಿ ಚಳವಳಿ ಎರಡೇ ಬಗೆ ನಡೆಯುತ್ತಿದೆ. ಒಂದು, ವರ್ಷದುದ್ದಕ್ಕೂ ಕುಲುಕುವುದು: ಜಯಂತಿ, ಧರಣಿ, ಸನ್ಮಾನ, ಬ್ಯಾನರು, ಮತ್ತೆ ಜಯಂತಿ. ನಿಲ್ಲುವ ಪ್ರಶ್ನೆಯೇ ಇಲ್ಲ. ಅದರಲ್ಲಿ ಬೆಳ್ಳಗಾಗುವವರು ಆಗಲೇ ಬೆಳ್ಳಗಿದ್ದವರು, ಬ್ಯಾನರಿನಲ್ಲಿ ಮುಖ ದೊಡ್ಡದಾಗುವವರು. ಎರಡು, ಡೆವಲಪರು ಹೊಯ್ದು ಮುಚ್ಚಳ ಹಾಕಿ ಮಲಗುವುದು: ಸಂವಿಧಾನ ಬಂದಿದೆ, ಮೀಸಲಾತಿ ಬಂದಿದೆ, ತನ್ನಷ್ಟಕ್ಕೆ ತಾನೇ ಆಗುತ್ತದೆ ಬಿಡು. ಆಗ ಮೇಲೇರಿದ ನಮ್ಮವರೇ, ಪಗಾರ ಬಂದ ನಮ್ಮಂಥವರೇ, ಬಿಟ್ಟ ಎಂಜಲು ಕೆಳಗೆ ಹರಿದು ಇನ್ನೂ ಕಿಂಡಿಯ ಕೆಳಗೆ ಕುಳಿತವರ ಮುಖ ಅಳಿಸುತ್ತದೆ. ನಾವು ಸುಮ್ಮನೆ ನಿಂತದ್ದರಿಂದ ಅವರ ಮೇಲೆ ಪಟ್ಟಿ ಬೀಳುತ್ತದೆ.

ಈ ಹೋಲಿಕೆ ಪೂರ್ತಿ ಹೊಂದುವುದಿಲ್ಲ ಅಂತ ನಮಗೆ ಗೊತ್ತು. ಎರಡು ಕಡೆ ಹರಿಯುತ್ತದೆ. ಮೊದಲನೆಯದು, ಬೆಳಕೇ ಬೀಳದ ಜಾಗವನ್ನು ಯಾವ ಡೆವಲಪರೂ, ಎಷ್ಟು ತಿರುವಿದರೂ, ಮೂಡಿಸಲಾರದು. ಮೊದಲ ರೋಲಿನ ಆ ಹೆಣ್ಣುಮಕ್ಕಳು ಕತ್ತಲಾದದ್ದು ಕುಲುಕಿದ್ದರಿಂದಷ್ಟೇ ಅಲ್ಲ. ನಾವು ಬೆಳಕನ್ನು ಅಳೆದದ್ದು ಬಿಳಿ ಅಂಗಿಗೆ. ಕ್ಯಾಮೆರಾವನ್ನು ಕಪ್ಪು ಮುಖಕ್ಕೆ ಅಳೆದು ತೆರೆಯಬೇಕು. ಹತ್ತಿರ ಹೋಗಬೇಕು. ಆಮೇಲೆ ಡಬ್ಬಿಯ ಮಾತು. ಎರಡನೆಯದು, ಫಿಲ್ಮು ತನ್ನನ್ನು ತಾನು ತಿರುವಿಕೊಳ್ಳಲಾರದು. ಅದಕ್ಕೆ ಹೊರಗಿನ ಕೈ ಬೇಕು. ಮನುಷ್ಯರು ಹಾಗಲ್ಲ. ನಿಪ್ಪಾಣಿಯ ಹೆಂಗಸರನ್ನು ಯಾರೂ ಹಿಡಿದು ಕುಲುಕಲಿಲ್ಲ. ಅವರೇ ಜರಡಿ ಕೆಳಗಿಟ್ಟರು.

ಮೂರನೆಯ ರೋಲು ತೆಗೆದದ್ದು ಅತ್ತಿಯ ಓಣಿಯಲ್ಲಿ. ಅವಳ ಜೊತೆ ವಖಾರಿಗೆ ಹೋಗುತ್ತಿದ್ದ ಏಳು ಜನ ಮುದುಕಿಯರು. ಅಳತೆ ಅವರ ಮುಖಕ್ಕೆ. ಎಲ್ಲಿ ಕೂಡಬೇಕು, ಕೈಯಲ್ಲಿ ಏನು ಹಿಡಿಯಬೇಕು ಎಂಬುದನ್ನು ಅವರೇ ಹೇಳಿದರು. ಒಬ್ಬಳು ಫೋಟೋಕ್ಕೆ ಮುಖ ತೊಳೆದು ಪೌಡರು ಹಚ್ಚಿದಳು, ಇನ್ನೊಬ್ಬಳು ಅದನ್ನು ಒರೆಸಿದಳು. ರೋಲನ್ನು ಅಥಣಿಗೆ ಒಯ್ದು ಅಜ್ಜನ ಅಂಗಳದಲ್ಲಿ ತೊಳೆದೆವು. ಡಬ್ಬಿ ಅಜ್ಜನ ಕೈಯಲ್ಲಿ. ನಾವು ಗಡಿಯಾರ ನೋಡಿ ಹೇಳಿದೆವು. ಎರಡು ನಿಮಿಷ ಆದ ಮೇಲೆ ಹೇಳುವುದು ಬೇಕಾಗಲಿಲ್ಲ. ತಿರುವುವುದು, ಕಟ್ಟೆಗೆ ತಟ್ಟುವುದು, ಬಿಡುವುದು. ಬಿಟ್ಟಾಗ ಅವನು ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂಡುತ್ತಿದ್ದ.

ಒಂದು ಪಟ್ಟಿ ಇರಲಿಲ್ಲ. ಏಳು ಮುಖ, ಹದಿನಾಲ್ಕು ಕಣ್ಣು. ಕೆನ್ನೆಯ ಸುಕ್ಕಿನ ಒಳಗಿನ ಕಪ್ಪಿನಲ್ಲೂ ಗೆರೆ ಕಾಣುತ್ತಿತ್ತು.

ಅತ್ತಿಯ ಚಿತ್ರವನ್ನೂ ದೊಡ್ಡದು ಮಾಡಿಸಿ ಅಜ್ಜನ ಮನೆಯಲ್ಲಿ ಹಾಕಿದ್ದೇವೆ. ಕಂಪ್ಯೂಟರಿನವನು ಆ ಪಟ್ಟಿಯನ್ನು ಅಳಿಸಿ ಹೊಸ ಕಣ್ಣು ಕೂಡಿಸಿ ಕೊಡುತ್ತೇನೆ ಅಂದ. ಬೇಡ ಅಂದೆವು. ಅಜ್ಜನೂ ಬೇಡ ಅಂದ. "ಇರ್ಲಿ ಬಿಡ್ರಿ. ನೀವು ತಿರುವಲಿಲ್ಲ ಅನ್ನೂದು ನಿಮಗ ನೆನಪ ಇರಬೇಕಲ್ಲ."

ಶಾಲೆಯ ಮಾಸ್ತರರೇ, ಓದುವ ತಮ್ಮ ತಂಗಿಯರೇ, ನಿಮ್ಮ ಕೇರಿಯಲ್ಲಿ ಇನ್ನೂ ಯಾರ ಮುಖವೂ ಬೀಳದ ಗೋಡೆಗಳಿವೆ. ಡಬ್ಬಿ ಬೇಕಾದರೆ ಚಿಕ್ಕೋಡಿಗೆ ಬನ್ನಿ, ನಮ್ಮದನ್ನು ಒಯ್ಯಿರಿ. ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳಿ.